ಮೂರನೇ ಸಲ ಕೇಳುವವರು

ನಾನು ಬಾಯಿಬಿಟ್ಟು ಆಡಿದ ಮೊದಲ ಮಾತು ಯಾವುದೋ ಗೊತ್ತಿಲ್ಲ. ಚೆನ್ನಾಗಿ ಕಲಿತ ಮೊದಲ ಮಾತು ಮಾತ್ರ "ಬೇಡ". ಕಲಿಸಿದವಳು ಅಮ್ಮ, ಕಲಿಸಿದ್ದು ಚಿವುಟಿ.

ಬಸವನಗುಡಿಯ ಒಂದು ವಠಾರದಲ್ಲಿ ನಾವಿದ್ದೆವು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅರಿಶಿನ ಕುಂಕುಮಕ್ಕೋ ದಸರಾ ಬೊಂಬೆ ನೋಡುವುದಕ್ಕೋ ಯಾರ ಮನೆಗೆ ಹೊರಟರೂ, ಹೊಸಿಲು ದಾಟುವ ಮೊದಲು ಅಮ್ಮ ನನ್ನ ಲಂಗದ ನೆರಿಗೆ ಸರಿಮಾಡುತ್ತಾ ಪಾಠ ಹೇಳುತ್ತಿದ್ದಳು. ತಿಂಡಿ ಕೊಟ್ಟರೆ ಮೊದಲನೇ ಸಲ ಬೇಡ ಅನ್ನಬೇಕು. ಎರಡನೇ ಸಲ "ಈಗ ತಾನೇ ಮನೇಲಿ ತಿಂದ್ಕೊಂಡು ಬಂದ್ವಿ" ಅನ್ನಬೇಕು. ಮೂರನೇ ಸಲ ಕೇಳಿದರೆ, ಆಗ ಮಾತ್ರ, "ಸರಿ, ಸ್ವಲ್ಪ" ಅಂತ ಕೈ ಚಾಚಬಹುದು. ಮೊದಲನೇ ಸಲಕ್ಕೇ ತೆಗೆದುಕೊಂಡವರನ್ನು ನಮ್ಮ ಕಡೆ "ಏನೂ ಕಾಣದವರು" ಅನ್ನುತ್ತಿದ್ದರು. ನಾನು ಮರೆತು ಕೈ ಮುಂದೆ ಮಾಡಿದರೆ ಅಮ್ಮನ ಸೆರಗಿನ ಮರೆಯಿಂದ ಎರಡು ಬೆರಳು ಬಂದು ನನ್ನ ತೊಡೆ ಹಿಡಿಯುತ್ತಿದ್ದವು.

"ನಾಲ್ಕನೇ ಸಲ ಕೇಳಿದ್ರೆ?" ಅಂತ ಒಮ್ಮೆ ಕೇಳಿದ್ದೆ.

"ನಾಲ್ಕನೇ ಸಲ ಕೇಳೋರು ಬೆಂಗಳೂರಲ್ಲಿ ಇನ್ನೂ ಹುಟ್ಟಿಲ್ಲ, ನಡಿ."

ಒಂದು ಸಲ ಗಾಂಧಿ ಬಜಾರ್ ಹಿಂದಿನ ರಸ್ತೆಯ ಒಂದು ಮನೆಗೆ ಹೋಗಿದ್ದೆವು. ನನಗೆ ಏಳು ವರ್ಷವಿರಬೇಕು. ಆ ಮನೆಯಾಕೆ ಒಂದು ತಟ್ಟೆ ತುಂಬ ಕೋಡುಬಳೆ ತಂದರು, ಇನ್ನೂ ಬಿಸಿ ಆರಿರಲಿಲ್ಲ. ನಾನು ಬೇಡ ಅಂದೆ. ಇನ್ನೊಂದು ಸಲ ಕೇಳಿದರು. ಈಗ ತಾನೇ ತಿಂದ್ಕೊಂಡು ಬಂದೆ ಅಂದೆ. ಅಷ್ಟರಲ್ಲಿ ಬಾಗಿಲಲ್ಲಿ ಹೂವಿನವಳು ಕೂಗಿದಳು. ಆಕೆ ತಟ್ಟೆಯನ್ನು ಒಳಗಿಟ್ಟು ಹೂವು ಕೊಳ್ಳಲು ಹೋದರು, ತಿರುಗಿ ಬಂದವರು ಬೇರೆ ಮಾತು ತೆಗೆದರು, ಕೋಡುಬಳೆಯ ಕಥೆ ಅಲ್ಲಿಗೆ ಮುಗಿಯಿತು. ದಾರಿಯುದ್ದಕ್ಕೂ ಅಳುತ್ತಾ ಬಂದೆ. ಅಮ್ಮನಿಗೆ ಮಾತ್ರ ನನ್ನ ಬಗ್ಗೆ ಹೆಮ್ಮೆ. "ಎರಡೇ ಸಲ ಕೇಳಿದ್ರು. ಕೊಡೋ ಮನಸ್ಸಿದ್ದಿದ್ರೆ ಮೂರನೇ ಸಲ ಕೇಳ್ತಿದ್ರು. ಅಂಥವರ ಮನೆ ತಿಂಡಿ ನಮಗ್ಯಾಕೆ?" ಅಂದಳು. ಮನೆಗೆ ಬಂದ ಮೇಲೆ ಅವಲಕ್ಕಿ ಬೆಲ್ಲ ಕಲಸಿ ಕೊಟ್ಟಳು. ನನಗೆ ಬೇಕಾಗಿದ್ದದ್ದು ಕೋಡುಬಳೆ.

ಬರಬರುತ್ತಾ ನಾನು ಇದರಲ್ಲಿ ಎಷ್ಟು ಪಳಗಿದೆನೆಂದರೆ, "ಎಂಥ ಸಂಕೋಚದ ಹುಡುಗಿ, ಏನು ಕೊಟ್ರೂ ಬೇಡ ಅನ್ನತ್ತೆ" ಎಂದು ವಠಾರದ ಹೆಂಗಸರು ಹೊಗಳುವ ಹಾಗಾಯಿತು. ಯಾರೂ ನನಗೆ ಹೇಳದೆ ಬಿಟ್ಟ ಒಂದು ವಿಷಯವಿದೆ. ಬಾಯಿ ವರ್ಷಗಟ್ಟಲೆ ಬೇಡ ಬೇಡ ಅನ್ನುತ್ತಿದ್ದರೆ, ಒಳಗೆ ಬೇಕು ಅನ್ನುತ್ತಿದ್ದದ್ದೂ ಬೇಸತ್ತು ಸುಮ್ಮನಾಗಿಬಿಡುತ್ತದೆ. ಕಾಲೇಜಿಗೆ ಬರುವ ಹೊತ್ತಿಗೆ ಸೀರೆ ಅಂಗಡಿಯಲ್ಲಿ ಯಾವ ಬಣ್ಣ ಬೇಕು ಅಂದರೆ "ಯಾವುದಾದ್ರೂ ಪರವಾಗಿಲ್ಲ" ಅನ್ನುತ್ತಿದ್ದೆ. ಸಂಕೋಚದಿಂದ ಅಲ್ಲ, ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯವನಿಗೆ ತಲೆ ಕೆಡುತ್ತಿತ್ತು. ಈಗ ನೆನೆಸಿಕೊಂಡರೆ ನನಗೂ ಕೆಡುತ್ತದೆ.

ಮದುವೆಯೂ ಈ ಚಾಳಿಯಿಂದಲೇ ತಪ್ಪಿಹೋಗುವುದರಲ್ಲಿತ್ತು. ನಾನು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಬಸ್ ಸ್ಟಾಪಿನಲ್ಲಿ ದಿನಾ ನೋಡುತ್ತಿದ್ದ, ಆಮೇಲೆ ಮಾತಾಡುತ್ತಿದ್ದ, ಆಮೇಲೆ ನನಗೋಸ್ಕರ ಎರಡು ಬಸ್ಸು ಬಿಡುತ್ತಿದ್ದ ಹನುಮಂತನಗರದವರೊಬ್ಬರು ಒಂದು ದಿನ, ನನ್ನ ಮದುವೆ ಆಗ್ತೀರಾ ಅಂತ ಕೇಳಿದರು. "ಅಯ್ಯೋ, ಅದೆಲ್ಲ ಬೇಡಪ್ಪ" ಅಂದೆ. ಮಾರನೇ ದಿನದಿಂದ ಆ ಮನುಷ್ಯ ಸ್ಟಾಪನ್ನೇ ಬದಲಾಯಿಸಿದರು. ಹನ್ನೊಂದು ದಿನ ಕಾದೆ. ಕೊನೆಗೆ ಅವರ ಆಫೀಸಿಗೇ ಹೋಗಿ, ಬೇಡ ಅಂದದ್ದು ಹಾಗಲ್ಲ ಅಂದೆ. "ಹಾಗಾದ್ರೆ ಹೇಗೆ?" ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ. ಅಳುವನ್ನೇ ಒಪ್ಪಿಗೆ ಅಂದುಕೊಂಡು ಅವರು ನನ್ನ ಮದುವೆಯಾದರು. ಎರಡೂ ಮನೆಯವರು ಆರು ತಿಂಗಳು ಮುಖ ಊದಿಸಿಕೊಂಡಿದ್ದು ಆಮೇಲೆ ಮದುವೆಗೆ ಬಂದು ಅಕ್ಷತೆ ಹಾಕಿದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಗಂಡನ ಮನೆಯವರು ಮೂಲದಲ್ಲಿ ಕನಕಪುರದ ಕಡೆ ಹಳ್ಳಿಯವರು. ಹನುಮಂತನಗರಕ್ಕೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಅತ್ತೆಯ ಮಾತು, ಅಡುಗೆ ಎರಡೂ ಊರಿನದೇ. ಮೊದಲ ದಿನ ಬಿಸಿ ಮುದ್ದೆ, ಬಸ್ಸಾರು ಬಡಿಸಿದರು. ನಾನು ಮುದ್ದೆ ಮುರಿಯುವುದು ಕಲಿಯುವಷ್ಟರಲ್ಲಿ ತಟ್ಟೆ ಖಾಲಿಯಾಯಿತು.

"ಇನ್ನೊಂದು ಮುದ್ದೆ ಇಕ್ಕಲಾ?"

"ಬೇಡ ಅತ್ತೆ."

ಪಾತ್ರೆ ಎತ್ತಿಕೊಂಡು ಹೊರಟೇಬಿಟ್ಟರು. ಎರಡನೇ ಸಲ ಇಲ್ಲ, ಮೂರನೇ ಸಲವಂತೂ ಇಲ್ಲವೇ ಇಲ್ಲ. ಹೊಸ ಸೊಸೆ ಅಂತ ಒಂದು ಉಪಚಾರ ಬೇಡವೇ? ಮಾರನೇ ದಿನವೂ ಹೀಗೇ ಆಯಿತು, ಅದರ ಮಾರನೇ ದಿನವೂ. ಮದುವೆಯಾದ ಮೊದಲ ಹದಿನೈದು ದಿನ ನಾನು ಅರ್ಧ ಹೊಟ್ಟೆಯಲ್ಲಿದ್ದೆ. ಶಾಲೆಗೆ ಹೋಗುವ ದಾರಿಯಲ್ಲಿ ಗಾಂಧಿ ಬಜಾರಿನ ಹೋಟೆಲಿನಲ್ಲಿ ನಿಂತುಕೊಂಡು ಮಸಾಲೆ ದೋಸೆ ತಿನ್ನುವುದು, ಸಂಜೆ ಬರುವಾಗ ಬನ್ನು ತಿನ್ನುವುದು. ಪಕ್ಕದ ಮನೆಯವರು ನೋಡಿ ಬಂದು ಅತ್ತೆಗೆ ಹೇಳಿದರು. ಆ ಸಂಜೆ ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಯಿತು.

"ಏನವ್ವ, ಮನೇಲಿ ಬೇಡ ಅಂತೀಯ, ಬೀದೀಲಿ ನಿಂತ್ಕೊಂಡು ತಿಂತೀಯಂತೆ. ನನ್ನ ಅಡುಗೆ ಸೇರಾಕಿಲ್ವಾ?"

"ಹಾಗಲ್ಲ ಅತ್ತೆ. ನೀವು ಒಂದೇ ಸಲ ಕೇಳ್ತೀರಿ."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಮೂರು ಸಲದ ಲೆಕ್ಕವನ್ನು ಬಾಯಿತೆರೆದುಕೊಂಡು ಕೇಳಿಸಿಕೊಂಡರು. "ಹೊಟ್ಟೆ ನಿಂದು. ಅದು ತುಂಬೈತೋ ಇಲ್ವೋ ಅಂತ ನಂಗೇನು ಕನಸು ಬೀಳ್ತದಾ? ಬೇಕು ಅಂದ್ರೆ ಬೇಕು ಅನ್ನು, ಬೇಡ ಅಂದ್ರೆ ಬೇಡ ಅನ್ನು. ನಡುವೆ ಇದೇನು ನಾಟಕ?" ಅಂದರು.

ಒರಟು ಜನ ಅಂತ ಅಮ್ಮನ ಹತ್ತಿರ ದೂರಿದೆ. ಅಮ್ಮನೂ ಹೌದೆಂದು ತಲೆಯಾಡಿಸಿದಳು. ನಾಟಕ ಅಂದದ್ದು ನನ್ನ ಮನಸ್ಸಿನಲ್ಲಿ ಬಹಳ ದಿನ ಚುಚ್ಚುತ್ತಿತ್ತು. ಆದರೂ ಕಲಿಯಲಿಲ್ಲ ನೋಡಿ. ಮುದ್ದೆಯ ವಿಷಯದಲ್ಲಿ ಮಾತ್ರ ಹೇಗೋ "ಅರ್ಧ ಹಾಕಿ" ಅನ್ನುವಷ್ಟು ನಾಲಗೆ ತಿರುಗಿತು. ಮುದ್ದೆಗಿಂತ ದೊಡ್ಡದು ಎದುರಿಗೆ ಬಂದಾಗ ಮತ್ತೆ ಅದೇ ಹಳೇ ರಾಗ.

ನಮ್ಮ ಶಾಲೆ ಚಿಕ್ಕದು. ಹೆಡ್ಮಿಸ್ಟ್ರೆಸ್ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು, ಅದರ ತುಂಬ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಮಕ್ಕಳ ಪುಸ್ತಕಗಳು. ಹರಿದುಹಾಕುತ್ತಾರೆ ಅಂತ ಯಾವಾಗಲೂ ಬೀಗ. ಮಕ್ಕಳು ಹಾಜರಿ ಪುಸ್ತಕ ಕೊಡಲು ಬಂದಾಗ ಗಾಜಿಗೆ ಮೂಗು ಒತ್ತಿ ಹೆಸರುಗಳನ್ನು ಓದಿಕೊಂಡು ಹೋಗುತ್ತಿದ್ದವು. ನಾನು ಕನ್ನಡದ ಟೀಚರು. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಒಂದು ಉರಿ. ಈ ಕೋಣೆ ನನ್ನದಾದರೆ ಮೊದಲ ದಿನ ಬೆಳಿಗ್ಗೆ ಆ ಬೀಗ ತೆಗೀತೀನಿ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆಮೇಲೆ ನಲ್ಲಿ ರಿಪೇರಿ ಮಾಡಿಸ್ತೀನಿ, ಪ್ರಾರ್ಥನೆ ಮುಗಿದ ಮೇಲಿನ ಉದ್ದುದ್ದ ಭಾಷಣ ನಿಲ್ಲಿಸ್ತೀನಿ. ಮನಸ್ಸಿನಲ್ಲೇ ನಾನು ಆ ಶಾಲೆಯನ್ನು ಹತ್ತು ವರ್ಷ ನಡೆಸಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಶಾಲೆಯ ಸೆಕ್ರೆಟರಿ ಹೆಡ್ಮಿಸ್ಟ್ರೆಸ್ ಕೋಣೆಗೆ ಕರೆಸಿದರು. ವಯಸ್ಸಾದವರು, ಮಾತು ಕಮ್ಮಿ, ಸುತ್ತಿ ಬಳಸಿ ಹೇಳುವವರಲ್ಲ.

"ಕೂತ್ಕೊಳ್ಳಿ ಮೇಡಂ. ಏಪ್ರಿಲ್‌ಗೆ ಹೆಡ್ಮಿಸ್ಟ್ರೆಸ್ ರಿಟೈರ್ ಆಗ್ತಾರೆ. ಕಮಿಟಿಯವರೆಲ್ಲ ನಿಮ್ಮ ಹೆಸರೇ ಹೇಳಿದ್ರು. ವಹಿಸ್ಕೋತೀರಾ?"

ನನ್ನ ಕಣ್ಣು ಬೀಗದ ಮೇಲೆ ಹೋಯಿತು. ಅವರ ಹಿಂದೆಯೇ ಆ ಬೀರು. ಬಾಯಿ ಮಾತ್ರ ತನ್ನ ಪಾಠವನ್ನು ಒಪ್ಪಿಸಿತು.

"ಅಯ್ಯೋ, ನನಗ್ಯಾಕೆ ಸರ್? ನನಗಿಂತ ದೊಡ್ಡವರಿದ್ದಾರೆ."

"ಅಂದ್ರೆ ನಿಮಗೆ ಬೇಡ ಅಂತೀರಾ?"

ಇದು ಎರಡನೆಯದು ಅಂತ ಒಳಗೆ ಯಾರೋ ಎಣಿಸಿದರು. "ಬೇಡ ಸರ್. ಈಗಿರೋದೇ ಚೆನ್ನಾಗಿದೆ" ಅಂದೆ.

ಅವರು ಪೆನ್ನಿನ ಮುಚ್ಚಳ ತೆಗೆದು ಎದುರಿಗಿದ್ದ ಹಾಳೆಯಲ್ಲಿ ಏನೋ ಬರೆದರು. ನಾನು ಕೂತೇ ಇದ್ದೆ. ಸೆರಗು ಸರಿಮಾಡಿಕೊಂಡು, ತಲೆ ಸ್ವಲ್ಪ ಬಗ್ಗಿಸಿ, ಮೂರನೇ ಸಲ ಕೇಳಿದ ತಕ್ಷಣ "ಸರಿ ಸರ್, ನೀವು ಇಷ್ಟು ಹೇಳಿದ ಮೇಲೆ" ಅನ್ನಲು ತಯಾರಾಗಿ ಕೂತಿದ್ದೆ. ಅವರು ತಲೆ ಎತ್ತಿದರು.

"ಮತ್ತೇನಾದ್ರೂ ಇತ್ತಾ ಮೇಡಂ?"

"ಏನಿಲ್ಲ ಸರ್."

ಎದ್ದು ಬಂದೆ. ನಾಲ್ಕು ದಿನ ಕಾದೆ. ಜವಾನ ವರಾಂಡದಲ್ಲಿ ನಡೆದು ಬಂದರೆ ಸಾಕು, ಪಾಠ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದೆ. ಅವನು ಬರುತ್ತಿದ್ದದ್ದು ಹಾಜರಿ ಪುಸ್ತಕಕ್ಕೆ. ಐದನೇ ದಿನ ನಮ್ಮ ಗಣಿತದ ಮೇಡಂ ಪೇಡದ ಡಬ್ಬ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಅವರನ್ನು ಒಂದೇ ಸಲ ಕೇಳಿದರಂತೆ. "ಹೂಂ ಸರ್, ಖಂಡಿತ" ಅಂದರಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನದು ಬಾಯಿಯ ತನಕ ಬಂದಿತ್ತು, ಬಾಯಿಯೇ ಮುಚ್ಚಿಕೊಂಡಿತು. ಅವರು ಕೊಟ್ಟ ಪೇಡವನ್ನು ಮಾತ್ರ ಮೊದಲನೇ ಸಲಕ್ಕೇ ತೆಗೆದುಕೊಂಡೆ.

ಮನೆಯಲ್ಲಿ "ನಾನೇ ಬೇಡ ಅಂದೆ" ಅಂದೆ. "ಬೇಡ ಅಂದ್ರೆ ಸರಿ ಬಿಡು" ಅಂದರು ಯಜಮಾನರು, ಬಸ್ ಸ್ಟಾಪಿನ ಕಾಲದಿಂದಲೂ ಅವರು ಬದಲಾದವರಲ್ಲ. ಅಮ್ಮನ ಹತ್ತಿರ ಹೇಳಿದಾಗ ಅವಳು ಹೂವು ಕಟ್ಟುವುದನ್ನು ನಿಲ್ಲಿಸಿ, "ಎಷ್ಟು ಸಲ ಕೇಳಿದ್ರು?" ಅಂದಳು.

"ಎರಡು."

ಅಮ್ಮ ಮತ್ತೆ ಹೂವು ಕಟ್ಟತೊಡಗಿದಳು.

ಆಮೇಲಿನ ವರ್ಷಗಳಲ್ಲಿ ನಾನು ಎಷ್ಟು ಕೆಟ್ಟ ಹೆಂಗಸಾದೆ ಅಂತ ಹೇಳಬೇಕು. ಹೊರಗೆ ಒಳ್ಳೆಯ ಹೆಸರು. ಹುದ್ದೆ ತಾನಾಗಿ ಬಂದರೂ ಬೇಡ ಅಂದವರು, ನಿಸ್ಪೃಹರು, ಅಂತ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕಿನಲ್ಲಿ ಹೇಳಿದರು, ನಾನು ತಲೆ ತಗ್ಗಿಸಿ ಕೈ ಮುಗಿದೆ. ಮನೆಗೆ ಬಂದು ಒದ್ದೆ ಟವಲನ್ನು ಮಂಚದ ಮೇಲೆ ಹಾಕಿದ್ದರು ಅಂತ ಯಜಮಾನರ ಮೇಲೆ ಒಂದು ಗಂಟೆ ಕೂಗಾಡಿದೆ. ಹೊಸ ಹೆಡ್ಮಿಸ್ಟ್ರೆಸ್ ಹೊರಡಿಸಿದ ಪ್ರತಿ ಸುತ್ತೋಲೆಯಲ್ಲೂ ಕಾಗುಣಿತದ ತಪ್ಪು ಹುಡುಕುತ್ತಿದ್ದೆ. ಸೀಮೆಸುಣ್ಣ ಪುಡಿಯಾದರೆ ಕೋಪ, ಆಟೋದವನು ಸುತ್ತಿಸಿದರೆ ಕೋಪ, ಸಾರಿಗೆ ಉಪ್ಪು ಕಮ್ಮಿಯಾದರೆ ಕೋಪ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ. ನಮ್ಮ ಮನೆಯಲ್ಲಿ ಅತ್ತೆಯೂ ಇದ್ದರು, ಕೊತ್ತಿಯೂ ಇತ್ತು, ಇಬ್ಬರಿಗೂ ಸಂಬಂಧವಿಲ್ಲದ ಕೋಪ ಇಬ್ಬರ ಮೇಲೂ ಬೀಳುತ್ತಿತ್ತು. ಹೊಟ್ಟೆ ಉರಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟು, ಏನಾದ್ರೂ ಚಿಂತೆ ಇದೆಯಾ ಅಂತ ಕೇಳಿದರು. ಏನೂ ಇಲ್ಲ ಅಂದೆ. ಸುಳ್ಳಲ್ಲ, ನನಗೆ ಗೊತ್ತಿರಲಿಲ್ಲ.

ಎರಡು ಸಾವಿರದ ಆಚೆಗೆ ಎಲ್ಲ ಕಡೆ ವ್ಯಕ್ತಿತ್ವ ವಿಕಸನದ ಹುಚ್ಚು ಹಬ್ಬಿತ್ತಲ್ಲ, ನಮ್ಮ ಶಾಲೆಯಲ್ಲೂ ಟೀಚರುಗಳಿಗೆ ಒಂದು ಶನಿವಾರ ಶಿಬಿರ ಮಾಡಿಸಿದರು. ಟೈ ಕಟ್ಟಿಕೊಂಡು ಬಂದ ಒಬ್ಬರು, ಕಣ್ಣು ಮುಚ್ಚಿ, ನಿಮ್ಮನ್ನ ನೀವೇ ಅಪ್ಪಿಕೊಳ್ಳಿ ಅಂದರು. ಹದಿನೆಂಟು ಜನ ಟೀಚರುಗಳು ಸೀರೆ ಜರುಗದ ಹಾಗೆ ತಮ್ಮನ್ನು ತಾವು ಅಪ್ಪಿಕೊಂಡು ಕೂತೆವು. "ಈಗ ನಿಮ್ಮ ಒಳಗೆ ಏನನ್ನಿಸ್ತಿದೆ ಮೇಡಂ?" ಅಂತ ನನ್ನನ್ನೇ ಕೇಳಬೇಕೇ ಅವರು! "ಪರವಾಗಿಲ್ಲ" ಅಂದೆ. ಇನ್ನೂ ಆಳಕ್ಕೆ ಹೋಗಿ ಅಂದರು. ಹೋದೆ. ಬಿಸಿಬೇಳೆ ಬಾತಿನ ವಾಸನೆ ಬರುತ್ತಿತ್ತು, ಅಷ್ಟೇ. ಮಧ್ಯಾಹ್ನ ಊಟದಲ್ಲಿ ಇನ್ನೊಂದು ಸ್ವಲ್ಪ ಹಾಕಲಾ ಅಂದಾಗ ಬೇಡ ಅಂದೆ.

ಅದರ ಮಾರನೇ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದೆವು. ಅಪ್ಪ ತೀರಿಕೊಂಡ ಮೇಲೆ ಅವಳು ಅದೇ ವಠಾರದಲ್ಲಿ ನನ್ನ ತಮ್ಮನ ಜೊತೆ ಇದ್ದಳು. ತಮ್ಮನ ಹೆಂಡತಿ ಹೆರಿಗೆಗೆ ಹೋಗಿದ್ದರಿಂದ ಅಮ್ಮನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಶಾಲೆಗೆ ರಜೆ ಸಿಗಲಿಲ್ಲ. ಹಗಲೆಲ್ಲ ಅಮ್ಮ, ಅತ್ತೆ ಇಬ್ಬರೇ.

ನಾಲ್ಕನೇ ದಿನ ಶನಿವಾರ, ಅರ್ಧ ದಿನ ಶಾಲೆ. ಮಧ್ಯಾಹ್ನ ಮನೆಗೆ ಬಂದೆ. ಅತ್ತೆ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಮ್ಮನ ಕೋಣೆಯಿಂದ ಕಾಗದ ಸರಸರ ಅನ್ನುವ ಸದ್ದು. ಬಗ್ಗಿ ನೋಡಿದರೆ, ಅಮ್ಮ ಬಾಗಿಲಿಗೆ ಬೆನ್ನು ಮಾಡಿ ಮಂಚದ ಮೇಲೆ ಕೂತಿದ್ದಾಳೆ, ಕಪ್ಪು ಕನ್ನಡಕ ಹಾಕಿಕೊಂಡು, ಬಟ್ಟೆ ಚೀಲದೊಳಗೆ ಕೈ ಇಟ್ಟು ಬಿಸ್ಕತ್ತು ತಿನ್ನುತ್ತಿದ್ದಾಳೆ. ಶಬ್ದವಾಗಬಾರದು ಅಂತ ಬಾಯಿಗೆ ಸೆರಗು.

"ಏನಮ್ಮ ಮಾಡ್ತಿದೀಯ?"

"ಏನಿಲ್ಲ ಕಣೆ."

"ಊಟ ಆಗ್ಲಿಲ್ವಾ?"

"ಆಯ್ತು. ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ ಅಂದ್ರು, ಬೇಡ ಅಂದೆ. ಹೊರಟೇಹೋದ್ರು. ನಾಲ್ಕು ದಿನದಿಂದ ಹೀಗೇ. ಒಂದೇ ಸಲ ಕೇಳೋದಾ, ಏನು ಜನವೋ!"

ನನಗೆ ಎಲ್ಲಿತ್ತೋ ಅಷ್ಟು ಕೋಪ. "ಹಸಿವಾದ್ರೆ ಹಸಿವು ಅನ್ನೋಕೆ ಏನಮ್ಮ ರೋಗ ನಿನಗೆ? ಮನೇಲಿ ಅನ್ನ ಇಟ್ಕೊಂಡು ಕದ್ದು ಬಿಸ್ಕತ್ತು ತಿಂತೀಯಾ? ಇಷ್ಟು ವಯಸ್ಸಾಯ್ತು, ಇನ್ನೂ ಯಾರೋ ಮೂರನೇ ಸಲ ಕೇಳ್ತಾರೆ ಅಂತ ಕಾಯ್ತಾ ಕೂತಿರ್ತೀಯಾ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ.

ಅಮ್ಮ ಬಿಸ್ಕತ್ತಿನ ಪೊಟ್ಟಣವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಮೆತ್ತಗೆ ಕೇಳಿದಳು, "ನೀನು ಕೂತಿರ್ಲಿಲ್ವಾ?"

"ನಾನೆಲ್ಲಿ ಕೂತಿದ್ದೆ?"

"ಆ ಸೆಕ್ರೆಟರಿ ಎದುರಿಗೆ."

ನಾನು ಭುಜದ ಬ್ಯಾಗನ್ನು ಕೆಳಗಿಟ್ಟೆ.

"ನಿನಗೆ ಆ ಕೆಲಸ ಬೇಕಿತ್ತು ಅಂತ ನನಗೆ ಅವತ್ತೇ ಗೊತ್ತಾಯ್ತು. ಎಷ್ಟು ಸಲ ಕೇಳಿದ್ರು ಅಂದ್ರೆ ಥಟ್ಟಂತ ಎರಡು ಅಂದೆ. ಬೇಡವಾಗಿದ್ದವರು ಎಣಿಸಲ್ಲ."

ಕಪ್ಪು ಕನ್ನಡಕದ ಹಿಂದೆ ಅವಳ ಕಣ್ಣು ಕಾಣುತ್ತಿರಲಿಲ್ಲ. ಮಂಚದ ತುದಿಯಲ್ಲಿ ಕೂತೆ. "ಬೇಕಿತ್ತಮ್ಮ" ಅಂದೆ. ಆ ಮಾತು ಬಂದ ಮೇಲೆ ಹಗುರವಾಯಿತು ಅಂತ ಬರೆಯಬಹುದು, ಆದರೆ ಹಾಗಾಗಲಿಲ್ಲ. ಹಲ್ಲು ಕೀಳಿಸಿಕೊಂಡ ಹಾಗೆ ನೋವಾಯಿತು. ಅಷ್ಟು ವರ್ಷ ಟವಲು, ಸೀಮೆಸುಣ್ಣ, ಉಪ್ಪು ಅಂತ ಕೂಗಾಡಿದ್ದೆಲ್ಲ ಇದೇ ಒಂದು ಮಾತಾಗಿತ್ತು. ಅತ್ತುಬಿಟ್ಟೆ, ಚೆನ್ನಾಗಿ ಅತ್ತುಬಿಟ್ಟೆ. ಅಮ್ಮ ಬೆನ್ನು ಸವರಿದಳು.

"ಇದನ್ನ ಯಾಕಮ್ಮ ಕಲಿಸಿದೆ ನನಗೆ?" ಅಂದೆ.

"ನಮ್ಮಮ್ಮ ಕಲಿಸಿದ್ದು. ಆಗೆಲ್ಲ ಯಾರ ಮನೇಲಿ ಏನಿರ್ತಿತ್ತು? ಡಬ್ಬ ಖಾಲಿ ಇದ್ರೂ ತಿಂಡಿ ತಿಂತೀರಾ ಅಂತ ಕೇಳೋದು ಅವರ ಮರ್ಯಾದೆ. ಬೇಡ ಅಂದು ಅವರ ಮಾನ ಉಳಿಸೋದು ನಮ್ಮ ಮರ್ಯಾದೆ. ಮೂರನೇ ಸಲ ಕೇಳಿದ್ರೆ ನಿಜವಾಗ್ಲೂ ಇದೆ ಅಂತ ಅರ್ಥ."

ಎಂಥ ಒಳ್ಳೆಯ ಕಾರಣ! ನಲವತ್ತು ದಾಟಿದ ಮೇಲೆ ಕಿವಿಗೆ ಬಿತ್ತು. ಚಿವುಟುವಾಗ ಇದೊಂದು ಮಾತು ಸೇರಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು? "ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದೆ.

"ನೀನು ಕೇಳ್ಲಿಲ್ಲ."

ಥೂ, ಈ ಅಮ್ಮಂದಿರ ಜೊತೆ ಏಗುವುದು ಸಾಧ್ಯವಿಲ್ಲ.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. "ಬೀಗ್ರೇ, ಅನ್ನ ಐತೆ, ಅವರೆಕಾಳು ಸಾರೈತೆ. ಉಣ್ತೀರಾ?" ಅಂದರು.

ಅಮ್ಮನ ಬಾಯಿ ತೆರೆಯಿತು. ಅಭ್ಯಾಸ ಎಷ್ಟು ಗಟ್ಟಿ ಅಂದರೆ ತುಟಿ "ಬೇ" ಅನ್ನುವ ಆಕಾರಕ್ಕೆ ಬಂದೇ ಬಿಟ್ಟಿತ್ತು. ಅಲ್ಲಿಂದ ಅದನ್ನು ಎಳೆದುಕೊಂಡು ಬಂದು, "ಸ್ವಲ್ಪ" ಅಂದಳು.

"ಸ್ವಲ್ಪ ಅಂದ್ರೆ ಸ್ವಲ್ಪಾನೇ ಇಕ್ತೀನಿ ನೋಡಿ ಮತ್ತೆ" ಅಂದರು ಅತ್ತೆ.

"ಹಾಗಾದ್ರೆ ಜಾಸ್ತೀನೇ ಹಾಕಿ" ಅಂದಳು ಅಮ್ಮ, ನಾಚಿಕೆಯಿಂದ ಮುಖ ಕೆಂಪು ಮಾಡಿಕೊಂಡು.

ಆ ದಿನದಿಂದ ನಾನು ಬೇರೆಯೇ ಆದೆ ಅನ್ನುವುದಕ್ಕೆ ಇದು ಶಿಬಿರವಲ್ಲ. ಕೂಗಾಟ ನಿಲ್ಲಲಿಲ್ಲ. ಕೂಗಿದ ಮೇಲೆ ಒಂದು ಗಳಿಗೆ ನಿಂತು, ಈಗ ನಿನಗೆ ಏನು ಬೇಕಿತ್ತು ಅಂತ ನನ್ನನ್ನೇ ಕೇಳಿಕೊಳ್ಳುವುದು ಮಾತ್ರ ಅಭ್ಯಾಸವಾಯಿತು. ಮೊದಮೊದಲು ಒಳಗಿನಿಂದಲೂ ಏನೂ ಬೇಡ ಅನ್ನುವ ಉತ್ತರವೇ. ನನ್ನನ್ನು ನಾನೇ ಮೂರು ಸಲ ಕೇಳಬೇಕಾಗುತ್ತಿತ್ತು. ಆಮೇಲೆ ನಿಧಾನವಾಗಿ ಹೊರಗೆ ಬರುತ್ತಿತ್ತು, ಸುಸ್ತಾಗಿದೆ, ಯಾರಾದರೂ ಕಾಫಿ ಮಾಡಿಕೊಡಲಿ, ಗಣಿತದ ಮೇಡಂ ಕಂಡರೆ ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ. ಮೈಕಿನಲ್ಲಿ ಹೇಳಿದ ಆ ನಿಸ್ಪೃಹ ಹೆಂಗಸು ನಾನಲ್ಲ. ನಾನು ಆಸೆಬುರುಕಿ. ಕೋಡುಬಳೆಯೂ ಬೇಕು, ಕುರ್ಚಿಯೂ ಬೇಕು, ಬೀರುವಿನ ಬೀಗದ ಕೈಯೂ ಬೇಕು. ಇದನ್ನು ಒಪ್ಪಿಕೊಂಡ ಮೇಲೆ ಹೊಟ್ಟೆಯ ಮಾತ್ರೆ ಕಮ್ಮಿಯಾಯಿತು, ಬೆಕ್ಕು ಹತ್ತಿರ ಬರತೊಡಗಿತು.

ಎರಡು ವರ್ಷ ಕಳೆದು ಗಣಿತದ ಮೇಡಂ ರಿಟೈರ್ ಆಗುವ ಸಮಯ ಬಂತು. ಹಳೆಯ ಸೆಕ್ರೆಟರಿ ಹೋಗಿ ಅವರ ಮಗ ಆ ಜಾಗಕ್ಕೆ ಬಂದಿದ್ದರು. ಈ ಸಲ ಕರೆಯುವ ತನಕ ಕಾಯಬಾರದು ಅಂತ ತೀರ್ಮಾನ ಮಾಡಿದೆ. ತೀರ್ಮಾನಕ್ಕೂ ಕಾಲಿಗೂ ನಡುವೆ ಎರಡು ವಾರ ಹೋಯಿತು. ಕೊನೆಗೆ ಒಂದು ಶುಕ್ರವಾರ ಅವರು ಹೆಡ್ಮಿಸ್ಟ್ರೆಸ್ ಕೋಣೆಯಲ್ಲಿ ಕಾಗದಪತ್ರ ನೋಡುತ್ತಾ ಕೂತಿದ್ದಾಗ ಒಳಗೆ ಹೋದೆ. ಕೂತುಕೊಳ್ಳಿ ಅಂದರು. ಕೂತರೆ ಮಾತು ಮರೆತುಹೋಗುತ್ತದೆ ಅಂತ ನಿಂತೇ ಹೇಳಿದೆ.

"ಸರ್, ಹೆಡ್ಮಿಸ್ಟ್ರೆಸ್ ಕೆಲಸ ನನಗೆ ಬೇಕು."

ಅವರು ಗಾಬರಿಯಾದರು. "ಅಯ್ಯೋ, ಮೊದಲೇ ಹೇಳಬಾರದಿತ್ತಾ ಮೇಡಂ? ಹೊರಗಿನಿಂದ ಒಬ್ಬರನ್ನ ಒಪ್ಪಿಸಿ ಆಯ್ತು, ಸೋಮವಾರ ಬರ್ತಾರೆ. ನಿಮಗೆ ಅದರಲ್ಲೆಲ್ಲ ಆಸೆ ಇಲ್ಲ ಅಂತ ಅಪ್ಪ ಫೈಲಲ್ಲಿ ಬರೆದೇ ಇಟ್ಟಿದ್ದಾರೆ."

ಪೆನ್ನಿನ ಮುಚ್ಚಳ ತೆಗೆದು ಅವತ್ತು ಬರೆದದ್ದು ಇದು. ಹೊರಟುಬಿಡೋಣ ಅನ್ನಿಸಿತು. ಬಾಗಿಲ ಹತ್ತಿರ ಹೋದವಳು ತಿರುಗಿದೆ.

"ಆ ಬೀರುವಿನ ಬೀಗದ ಕೈ ಆದ್ರೂ ಕೊಡ್ತೀರಾ? ಮಕ್ಕಳಿಗೆ ಪುಸ್ತಕ ಕೊಡಬೇಕು. ನಾನು ನೋಡ್ಕೋತೀನಿ."

"ಯಾವ ಬೀರು?" ಅಂತ ತಿರುಗಿ ನೋಡಿದರು. ಡ್ರಾಯರ್ ಎಳೆದು, ಗೊಂಚಲಿನಲ್ಲಿ ಒಂದೊಂದೇ ಬೀಗದ ಕೈ ಹಾಕಿ ನೋಡಿದರು. ಐದನೆಯದಕ್ಕೆ ಬಾಗಿಲು ಕಿರ್ರೆಂದು ತೆಗೆದುಕೊಂಡಿತು. ಅದೊಂದನ್ನು ಗೊಂಚಲಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು.

"ತಗೊಳ್ಳಿ ಮೇಡಂ. ಇದನ್ನ ಇಷ್ಟು ವರ್ಷ ಯಾರೂ ಕೇಳೇ ಇಲ್ಲ ನೋಡಿ."

ಇಪ್ಪತ್ತು ವರ್ಷ! ಇಪ್ಪತ್ತು ವರ್ಷ ಆ ಗಾಜಿನ ಮುಂದೆ ಓಡಾಡಿದ್ದೆ. ಹೆಡ್ಮಿಸ್ಟ್ರೆಸ್ ಆಗದೆಯೂ ಆ ಒಂದು ಬೀಗದ ಕೈ ಕೇಳಬಹುದಾಗಿತ್ತು. ಕೇಳಿದ್ದರೆ ಎರಡು ನಿಮಿಷದಲ್ಲಿ ಕೊಡುತ್ತಿದ್ದರು. ಆ ಮನುಷ್ಯನ ಎದುರಿಗೇ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅಲ್ಲಿಂದ ಸೀದಾ ಬಸವನಗುಡಿಗೆ, ಅಮ್ಮನ ಮನೆಗೆ ಹೋದೆ. ತಮ್ಮ, ಅವನ ಹೆಂಡತಿ ಮಗುವನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಅಮ್ಮ ಒಬ್ಬಳೇ ಜಗಲಿಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿದ ತಕ್ಷಣ ಎದ್ದಳು.

"ಏನಾಯ್ತು?"

"ಸಿಗಲಿಲ್ಲ. ಬೇರೆಯವರನ್ನ ತಗೊಂಡಾಯ್ತಂತೆ."

"ಬೇಜಾರಾಯ್ತಾ?"

ಪರವಾಗಿಲ್ಲ ಅನ್ನುವ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. "ಹೂಂ ಅಮ್ಮ. ತುಂಬಾ ಬೇಜಾರಾಯ್ತು" ಅಂದೆ. ಹೇಳಿ ಅವಳ ಪಕ್ಕದಲ್ಲಿ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು, ಬೀಗದ ಕೈ ಅವಳ ಅಂಗೈಗೆ ಒತ್ತುತ್ತಿದ್ದರೂ ಬಿಡಲಿಲ್ಲ. ಆಮೇಲೆ ಕೇಳಿದಳು.

"ಕಾಫಿ ಕುಡೀತೀಯಾ?"

"ಕುಡೀತೀನಿ."

ಅಮ್ಮ ಏಳಲಿಲ್ಲ. ಒಂದು ಸಲ ಅಡುಗೆಮನೆಯ ಕಡೆ ನೋಡಿದಳು, ಒಂದು ಸಲ ನನ್ನ ಕಡೆ ನೋಡಿದಳು.

"ಹಾಲಿಲ್ಲ ಕಣೆ."

"ಇಲ್ಲದಿದ್ರೆ ಮತ್ತೆ ಕೇಳಿದ್ಯಾಕಮ್ಮ?"

"ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ" ಅಂದಳು.

ನಾನು ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹಾಲು ತರಲು ಹೊರಟೆ.